ಜೀವಶಾಸ್ತ್ರವೋ ಗಣಿತವೋ

ಚಂದಾಪುರ ಸರ್ಕಲ್‌ನಿಂದ ಆನೇಕಲ್ ರಸ್ತೆಗೆ ತಿರುಗಿದರೆ ಪೈಪು, ನಲ್ಲಿ ಮಾರುವ ಅಂಗಡಿಯೊಂದು ಸಿಗುತ್ತದೆ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಕಲಿಕಾ ಕೇಂದ್ರವಿತ್ತು. ಶಾಲೆ ಅರ್ಧಕ್ಕೆ ಬಿಟ್ಟು ಫ್ಯಾಕ್ಟರಿಗೆ ಸೇರಿದವರು ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಯನ್ನೋ ಹನ್ನೆರಡನೇ ತರಗತಿಯನ್ನೋ ಮುಗಿಸಲು ಅಲ್ಲಿಗೆ ಬರುತ್ತಿದ್ದರು. ಪಾಠ ಎಲ್ಲ ಕಂಪ್ಯೂಟರಿನಲ್ಲಿ. ಮೊಬೈಲಿನಲ್ಲಿ ಇಂಟರ್ನೆಟ್ ಅಗ್ಗವಾಗುವುದಕ್ಕೆ ಸ್ವಲ್ಪ ಮುಂಚಿನ ಕಾಲ ಅದು. ವಿಡಿಯೋ ನೋಡಬೇಕೆಂದರೆ ನಮ್ಮ ಮೆಟ್ಟಿಲನ್ನೇ ಹತ್ತಬೇಕಿತ್ತು. ಬಂದವರೊಡನೆ ಕೂತು ಯಾವ ಐದು ವಿಷಯ ಆರಿಸಿಕೊಳ್ಳಬೇಕು, ಅದನ್ನು ಓದಿದರೆ ಮುಂದೆ ಯಾವ ಕೆಲಸಕ್ಕೆ ದಾರಿ ಎಂದು ಹೇಳುವುದು ನನ್ನ ಕೆಲಸ.

ಆ ವರ್ಷ ನೋಂದಣಿ ಶುರುವಾಗುವ ಹೊತ್ತಿಗೆ ನಮಗೆ ಹೊಸದೊಂದು ಸಾಧನ ಬಂದಿತ್ತು. ವೃತ್ತಿ ಆಸಕ್ತಿ ಕಂಡುಹಿಡಿಯುವ ಪ್ರಶ್ನಾವಳಿ, ಬೇರೆ ಯಾವುದೋ ದೇಶದ ಹೈಸ್ಕೂಲು ಮಕ್ಕಳಿಗಾಗಿ ತಯಾರಿಸಿದ್ದು. ಪ್ರಶ್ನೆಗೆಲ್ಲ ಉತ್ತರ ಒತ್ತಿದರೆ ಕೊನೆಯಲ್ಲಿ ಬಣ್ಣದ ಚಕ್ರವೊಂದು ಮೂಡಿ, ನಿಮಗೆ ಹೊಂದುವ ಕೆಲಸ ಇಂಥದ್ದು ಎಂದು ತೋರಿಸುತ್ತಿತ್ತು. ಇಂಗ್ಲಿಷಿನಲ್ಲಿ ಇದ್ದುದರಿಂದ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕೇಳುತ್ತಿದ್ದೆ. ತೋಟದ ಕೆಲಸ ನಿಮಗೆ ಇಷ್ಟವೇ ಎಂದು ಕೇಳಿದರೆ, ಹುಟ್ಟಿದಾಗಿನಿಂದ ಕಳೆ ಕಿತ್ತು ಬಂದ ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಇಷ್ಟವೋ ಅಲ್ಲವೋ ಎಂದು ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಇಲ್ಲ ಎಂದರೆ ನನಗೆ ಬೇಜಾರಾದೀತೆಂದು ಹೆಚ್ಚಿನವರು ಎಲ್ಲದಕ್ಕೂ ಹೌದು ಅನ್ನುತ್ತಿದ್ದರು. ಹೀಗಾಗಿ ಚಕ್ರವು ಬಹುತೇಕ ಎಲ್ಲರಿಗೂ ಸಮಾಜಸೇವೆಯನ್ನೇ ತೋರಿಸುತ್ತಿತ್ತು.

ಅಂಥ ಒಂದು ಭಾನುವಾರ ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಬಂದಳು. ಇಪ್ಪತ್ತರ ಆಸುಪಾಸು. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಮುಗಿಸಿ, ಅಕ್ಕ ಭಾವನ ಜೊತೆ ಇಲ್ಲಿಗೆ ಬಂದಿದ್ದಳು. ಅತ್ತಿಬೆಲೆಯ ಒಂದು ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸುವ ಕೆಲಸ. ಅವಳ ಜೊತೆಗೆ ಅವಳು ಬಾಡಿಗೆಗಿದ್ದ ಮನೆಯ ಓನರಮ್ಮನೂ ಬಂದಿದ್ದರು. ಅದೇ ಊರಿನ ಹಳೆಯ ರೈತ ಕುಟುಂಬ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯ ಹುಡುಗಿ ರಜೆಯ ದಿನ ಎಲ್ಲಿಗೆ ಹೊರಟಿದ್ದಾಳೆ ನೋಡೋಣ ಎಂದು ಬಂದವರು, ಅರ್ಧ ಗಂಟೆಯಲ್ಲಿ ತಾವೂ ಕಂಪ್ಯೂಟರ್ ಮುಂದೆ ಕೂತಿದ್ದರು. ಒಂಬತ್ತನೇ ತರಗತಿಯಲ್ಲಿ ಓದು ನಿಂತಿತ್ತಂತೆ.

ಓನರಮ್ಮನ ಚಕ್ರ ಸಮಾಜಸೇವೆ ತೋರಿಸಲಿಲ್ಲ. ಹವಾಮಾನ ತಜ್ಞೆ ಎಂದು ತೋರಿಸಿತು. ಓದಿ ಹೇಳಿದೆ. ಅವರು ನಗಲಿಲ್ಲ.

"ಅಂಗಂದ್ರೆ ಅವ್ರು ಬೆಳಗ್ಗೆ ಎದ್ದು ಕೆಲ್ಸಕ್ಕೋಗಿ ಏನ್ ಮಾಡ್ತಾರೆ ಮೇಡಂ?" ಎಂದು ಕೇಳಿದರು.

ಮಳೆ ಗಾಳಿಯ ಬಗ್ಗೆ ತಿಳಿಸುತ್ತಾರೆ ಎಂದೆ. ಅದು ಗೊತ್ತು, ಟಿವಿಯಲ್ಲಿ ಬರುತ್ತದೆ, ಆದರೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ ಕೈಯಲ್ಲಿ ಏನು ಹಿಡಿದುಕೊಳ್ಳುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ಎಂದರು. ನನಗೆ ಗೊತ್ತಿರಲಿಲ್ಲ. ಆ ಸಂಜೆ ಗೋಡೆಗೆ ಅಂಟಿಸಿದ್ದ ವೃತ್ತಿಗಳ ಚಾರ್ಟಿನ ಮುಂದೆ ನಿಂತು, ಈ ಕೆಲಸಗಳಲ್ಲಿ ಎಷ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಯೋಚಿಸಿದೆ. ಶಿಕ್ಷಕಿ, ನರ್ಸು, ಬ್ಯಾಂಕಿನವರು, ಪೊಲೀಸು. ಅಷ್ಟರಲ್ಲೇ ಮುಗಿಯಿತು. ಕಾಮರ್ಸ್ ಓದಿದ ನನಗೆ ವಿಜ್ಞಾನದ ಕಡೆಯ ಕೆಲಸಗಳಂತೂ ಬರೀ ಹೆಸರುಗಳಾಗಿದ್ದವು. ನನಗೇ ನೋಡಬೇಕೆನ್ನಿಸಿತು.

ನೋಂದಣಿಯ ಕೊನೆಯ ದಿನಕ್ಕೆ ಇನ್ನೂ ಎರಡು ತಿಂಗಳ ಮೇಲಿತ್ತು. ಅಲ್ಲಿಯವರೆಗೆ ವಿಷಯ ಆರಿಸುವುದನ್ನು ತಡೆಹಿಡಿದು, ಎಲ್ಲರನ್ನೂ ಅವರವರು ಕುತೂಹಲಪಟ್ಟ ಕೆಲಸದ ಜಾಗಕ್ಕೆ ಒಮ್ಮೆಯಾದರೂ ಕರೆದೊಯ್ಯೋಣ ಎಂದು ಕೇಂದ್ರದ ಮುಖ್ಯಸ್ಥರಿಗೆ ಹೇಳಿದೆ. ಅವರು ಹತ್ತಾರು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಆಗಲಿ, ಆದರೆ ಕೊನೆಯ ದಿನ ದಾಟಬಾರದು ಎಂದರು.

ಹೇಳಿದಷ್ಟು ಸುಲಭವಾಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳಿಗೆ ಬರೆದ ಮೇಲ್‌ಗಳಿಗೆ ಉತ್ತರವೇ ಇಲ್ಲ. ಒಂದು ಕಡೆ ಗೇಟಿನ ಸೆಕ್ಯೂರಿಟಿಯವರೇ, ಒಳಗೆ ಹೋಗಲು ಬ್ಯಾಡ್ಜ್ ಬೇಕು ಮೇಡಂ, ಹೊರಗಿನಿಂದ ಫೋಟೋ ಬೇಕಾದರೆ ತೆಗೆದುಕೊಳ್ಳಿ ಎಂದು ಸಮಾಧಾನ ಹೇಳಿ ಕಳಿಸಿದರು. ನಮ್ಮವರಿಗೆ ರಜೆಯಿದ್ದ ಭಾನುವಾರ ನೋಡಬೇಕಾದ ಜಾಗಗಳಿಗೂ ರಜೆ. ಕೊನೆಗೆ ಯಾರಿಗೆ ಯಾವ ವಾರ ಎರಡನೇ ಶಿಫ್ಟು ಎಂದು ಕೇಳಿಕೊಂಡು, ಆ ವಾರದ ಬೆಳಗಿನ ಹೊತ್ತು ಮೂರು ನಾಲ್ಕು ಜನರ ಗುಂಪು ಕಟ್ಟಿದೆ. ದೊಡ್ಡ ಗೇಟುಗಳನ್ನು ಬಿಟ್ಟು ಸಣ್ಣ ಬಾಗಿಲುಗಳನ್ನು ತಟ್ಟಿದೆ. ರಕ್ತಪರೀಕ್ಷೆಯ ಲ್ಯಾಬು, ಲೆಕ್ಕಪರಿಶೋಧಕರ ಕಚೇರಿ, ಫ್ಲೆಕ್ಸ್ ಪ್ರಿಂಟಿಂಗ್, ಲಿಫ್ಟ್ ರಿಪೇರಿಯವರು. ನಾನು ಪ್ರತಿ ಕಡೆಯೂ ಅದೇ ಪ್ರಶ್ನೆ ಕೇಳುತ್ತಿದ್ದೆ: ಬೆಳಗ್ಗೆ ಬಂದ ತಕ್ಷಣ ಮೊದಲು ಏನು ಮಾಡುತ್ತೀರಿ. ಜನ ಸಂತೋಷದಿಂದಲೇ ಹೇಳುತ್ತಿದ್ದರು. ಅವರನ್ನೂ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ರಕ್ತ ಕಂಡರೆ ತಲೆತಿರುಗುತ್ತದೆಂದು ಒಬ್ಬಳಿಗೆ ಗೊತ್ತಾಗಿದ್ದು ಲ್ಯಾಬಿನ ಒಳಗೆ. ಅವಳ ಪಟ್ಟಿಯಿಂದ ಜೀವಶಾಸ್ತ್ರ ಅಲ್ಲೇ ಹೋಯಿತು.

ಕೊಪ್ಪಳದ ಹುಡುಗಿಗೆ ಮಾತ್ರ ಮೊದಲಿನಿಂದಲೂ ಒಂದೇ ಆಸೆ. ಅವಳ ಫ್ಯಾಕ್ಟರಿಯಲ್ಲಿ ಒಮ್ಮೆ ನೇತ್ರ ತಪಾಸಣೆ ನಡೆದಿತ್ತಂತೆ. ಭಾರದ ದುಂಡು ಫ್ರೇಮನ್ನು ಮೂಗಿನ ಮೇಲಿಟ್ಟು, ಅದರೊಳಗೆ ಒಂದೊಂದೇ ಗಾಜು ಇಳಿಸುತ್ತಾ, ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳಿದ ಹೆಂಗಸಿನ ಹಾಗೆ ತಾನೂ ಆಗಬೇಕು ಅನ್ನುತ್ತಿದ್ದಳು. ನಾನು ಅದರ ದಾರಿ ಹುಡುಕಿಟ್ಟಿದ್ದೆ. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಎರಡು ಭಾಷೆ. ಆಮೇಲೆ ನೇತ್ರ ತಂತ್ರಜ್ಞಾನದ ಡಿಪ್ಲೊಮಾ. ಮುಕ್ತ ಶಾಲೆಯ ಸರ್ಟಿಫಿಕೇಟು ನಡೆಯುತ್ತದೆಯೇ ಎಂದು ಕಾಲೇಜುಗಳಿಗೆ ಫೋನು ಮಾಡಿದರೆ ಒಂದು ಕಡೆ ನಡೆಯುತ್ತದೆ ಎಂದರು, ಇನ್ನೊಂದು ಕಡೆ ವಿಚಾರಿಸಿ ಹೇಳುತ್ತೇವೆ ಎಂದವರು ಹೇಳಲೇ ಇಲ್ಲ.

ಹೊಸೂರು ರಸ್ತೆಯ ಒಂದು ಕಣ್ಣಿನ ಕ್ಲಿನಿಕ್ಕಿನವರು ಒಂದು ಬೆಳಿಗ್ಗೆ ನಮ್ಮನ್ನು ಒಳಗೆ ಬಿಟ್ಟರು. ದೃಷ್ಟಿ ಪರೀಕ್ಷಿಸುವ ತಜ್ಞೆ ಒಳ್ಳೆಯವರು. ಬಂದವರ ಅನುಮತಿ ಕೇಳಿ ನಮ್ಮನ್ನು ಮೂಲೆಯಲ್ಲಿ ಕೂರಿಸಿಕೊಂಡರು. ಒಬ್ಬರಾದ ಮೇಲೆ ಒಬ್ಬರು ಬಂದರು. ಅಕ್ಷರ ಬಾರದ ಅಜ್ಜಿ, ಕನ್ನಡಕ ಬೇಡವೆಂದು ಹಟ ಮಾಡುವ ಮಗು, ಗಡಿಬಿಡಿಯ ಸಾಫ್ಟ್‌ವೇರಿನವನು. ತಜ್ಞೆ ಪ್ರತಿಯೊಬ್ಬರ ಜೊತೆಗೂ ಬೇರೆ ಬೇರೆ ಭಾಷೆಯಲ್ಲಿ, ಬೇರೆ ಬೇರೆ ದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಅದು ನೋಡಲು ಚೆನ್ನಾಗಿತ್ತು. ಹುಡುಗಿ ಮಾತ್ರ ಬರಬರುತ್ತಾ ಮಂಕಾದಳು. ದಿನವಿಡೀ ಇಷ್ಟು ಜನರ ಜೊತೆ ಮಾತಾಡಬೇಕೇ ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಹೊರಡುವಾಗ ಹಿಂದಿನ ಕೋಣೆಯಲ್ಲಿ ಯಂತ್ರ ತಿರುಗುವ ಸದ್ದು ಕೇಳಿಸಿತು. ಅಲ್ಲಿ ಒಬ್ಬ ತಂತ್ರಜ್ಞ ಕನ್ನಡಕದ ಗಾಜುಗಳನ್ನು ಫ್ರೇಮಿನ ಅಳತೆಗೆ ಉಜ್ಜುತ್ತಿದ್ದರು. ನೋಡಬಹುದೇ ಎಂದು ಕೇಳಿದೆವು. ಅವರು ಒಂದು ಗಾಜನ್ನು ಅವಳ ಕೈಗೆ ಕೊಟ್ಟು, ಅದರ ಮೂಲಕ ಕಿಟಕಿಯ ಸರಳು ನೋಡುತ್ತಾ ಗಾಜನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಲು ಹೇಳಿದರು. ಸರಳು ಗಾಜಿನ ಜೊತೆಗೇ ಸರಿಯಿತು. ಇನ್ನೊಂದು ಗಾಜು ಕೊಟ್ಟರು. ಈ ಸಲ ಸರಳು ಎದುರು ದಿಕ್ಕಿಗೆ ಓಡಿತು. ಮೊದಲನೆಯದು ಮೈನಸ್, ಇದು ಪ್ಲಸ್, ಯಂತ್ರಕ್ಕಿಡುವ ಮೊದಲು ಹೀಗೆ ನೋಡಿಕೊಳ್ಳುತ್ತೇವೆ ಎಂದರು. ಯಾಕೆ ಹಾಗಾಗುತ್ತದೆ ಎಂದು ಅವಳು ಕೇಳಿದಳು. ಗಾಜಿನ ಆಕಾರಕ್ಕೆ ಸಂಬಂಧ, ಅದಕ್ಕಿಂತ ಹೆಚ್ಚು ತಾವು ಓದಿಲ್ಲ ಎಂದರು. ಅವಳು ಎರಡೂ ಗಾಜುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಬೇರೆ ಮಾಡಿ ನೋಡಿದಳು. ಎರಡನೇ ಶಿಫ್ಟಿನ ಕಂಪನಿ ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾನೇ ಎಬ್ಬಿಸಿಕೊಂಡು ಬರಬೇಕಾಯಿತು.

ಬಸ್ ಸ್ಟಾಪಿನಲ್ಲಿ ನಿಂತಾಗ ಹೇಳಿದಳು. "ಮೇಡಂ, ನನಗ ಕಣ್ಣು ನೋಡೂ ಕೆಲಸ ಬ್ಯಾಡ್ರಿ. ಆ ಗಾಜು ಐತಲ್ರಿ, ಅದರದ್ದು ಏನರ ಕೆಲಸ ಇದ್ರ ಹೇಳ್ರಿ."

ಗಾಜಿನ ಕೆಲಸ ಅಂದರೆ ಏನು. ನಮ್ಮ ಚಾರ್ಟಿನಲ್ಲಿ ಅದು ಇರಲಿಲ್ಲ, ಚಕ್ರದಲ್ಲೂ ಇರಲಿಲ್ಲ. ನನಗೆ ರೋಮಾಂಚನವೂ ಆಯಿತು, ಗಾಬರಿಯೂ ಆಯಿತು. ಹುಡುಕಿಟ್ಟ ದಾರಿ ಕೈಬಿಟ್ಟಿತ್ತು, ಕೊನೆಯ ದಿನ ಹತ್ತಿರವಾಗುತ್ತಿತ್ತು. ಕಂಡ ಕಂಡವರನ್ನು ವಿಚಾರಿಸಿದೆ. ಲ್ಯಾಬಿಗೆ ಸೂಕ್ಷ್ಮದರ್ಶಕ ಸರಬರಾಜು ಮಾಡುವ ಒಬ್ಬರು, ಪೀಣ್ಯದಲ್ಲಿ ಇಂಥ ಉಪಕರಣಗಳಿಗೆ ಲೆನ್ಸು, ಪ್ರಿಸಮ್ಮು ತಯಾರಿಸುವ ಸಣ್ಣ ವರ್ಕ್‌ಶಾಪುಗಳಿವೆ ಎಂದು ಹೇಳಿ ಒಂದರ ನಂಬರು ಕೊಟ್ಟರು. ಅದರ ಮಾಲೀಕರು ವಯಸ್ಸಾದ ಎಂಜಿನಿಯರು. ಲೆನ್ಸು ಮಾಡುವುದನ್ನು ನೋಡಬೇಕೆಂದು ಹೆಣ್ಣುಮಕ್ಕಳು ಕೇಳಿದ ಮೊದಲ ಫೋನು ಇದು ಎಂದು ನಕ್ಕು, ಬನ್ನಿ ಎಂದರು.

ಚಂದಾಪುರದಿಂದ ಪೀಣ್ಯ ಎಂದರೆ ಊರಿನ ಈ ತುದಿಯಿಂದ ಆ ತುದಿ. ಬಸ್ಸು ಬದಲಿಸಿ, ಮೆಟ್ರೋ ಹತ್ತಿ ಹೋದೆವು. ಓನರಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ಮೆಟ್ರೋ ನೋಡಬಹುದು ಎಂಬುದು ಒಂದು ಕಾರಣ. ಜೊತೆಗೆ ತಾವಿರುವುದಾಗಿ ಹುಡುಗಿಯ ಅಕ್ಕನಿಗೆ ಮಾತು ಕೊಟ್ಟು ಬಂದಿದ್ದರು ಎಂಬುದು ಇನ್ನೊಂದು.

ವರ್ಕ್‌ಶಾಪಿನ ಒಳಗೆ ಕಾಯಿಸಿದ ಡಾಂಬರಿನಂಥ ವಾಸನೆ. ಗಾಜಿನ ಬಿಲ್ಲೆಗಳನ್ನು ರಾಳದಿಂದ ಅಂಟಿಸಿದ ಗುಂಡು ತಟ್ಟೆಗಳು ಬಹಳ ನಿಧಾನವಾಗಿ ತಿರುಗುತ್ತಿದ್ದವು. ಮೇಲಿನಿಂದ ಹಾಲಿನ ಬಣ್ಣದ ಪುಡಿನೀರು ತೊಟ್ಟಿಕ್ಕುತ್ತಿತ್ತು. ಒರಟು ಗಾಜು ಮೊದಲು ಮಂಜಾಗಿ, ಆಮೇಲೆ ತಿಳಿಯಾಗಿ, ಕೊನೆಗೆ ಅಲ್ಲಿ ಗಾಜಿದೆಯೋ ಇಲ್ಲವೋ ಎಂಬಂತೆ ಆಗುವುದನ್ನು ಮಾಲೀಕರು ಹಂತಹಂತವಾಗಿ ತೋರಿಸಿದರು. ಇಷ್ಟು ನಿಧಾನವಾದ ಯಂತ್ರವನ್ನು ತಾವು ನೋಡೇ ಇಲ್ಲ ಎಂದು ಓನರಮ್ಮ ಅಂದರು. ಮಾಲೀಕರು ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದರು, ಒಂದೇ ಕಡೆ ಎಷ್ಟು ಹೊತ್ತು ನೋಡುತ್ತಾ ಕೂರಬಲ್ಲೆ ಎಂದು. ತನ್ನ ಈಗಿನ ಕೆಲಸವೇ ಅದು ಎಂದಳು. ಆಗ ಅವರು ಒಂದು ಮಾತು ಹೇಳಿದರು: ಹನ್ನೆರಡನೇ ತರಗತಿಯ ಭೌತಶಾಸ್ತ್ರ, ಗಣಿತ ಮುಗಿಸಿಕೊಂಡು ಬಾ, ಆಗ ಜಾಗ ಇದ್ದರೆ ತರಬೇತಿಗೆ ತೆಗೆದುಕೊಳ್ಳುತ್ತೇನೆ, ಡಿಪ್ಲೊಮಾ ಆಮೇಲೆ ನೋಡಿಕೊಳ್ಳಬಹುದು. ಗಣಿತ ಇಲ್ಲದೆ ಈ ಕೆಲಸದಲ್ಲಿ ಉಜ್ಜುವವಳಾಗಿಯೇ ಉಳಿಯುತ್ತೀಯ ಎಂದೂ ಸೇರಿಸಿದರು.

ಕಷ್ಟ ಅಲ್ಲಿಂದ ಶುರುವಾಯಿತು. ಜೀವಶಾಸ್ತ್ರ ತೆಗೆದು ಗಣಿತ ಹಾಕಬೇಕು. ಅವಳು ಹತ್ತನೇ ತರಗತಿಯ ಗಣಿತವನ್ನು ದಡ ಮುಟ್ಟಿಸಿದ್ದಷ್ಟೇ. ಪಾಠ ಬೇರೆ ಇಂಗ್ಲಿಷಿನಲ್ಲಿ. ವಿಷಯ ಒಮ್ಮೆ ನೋಂದಣಿಯಾದರೆ ಬದಲಿಸುವುದು ಸುಲಭವಿರಲಿಲ್ಲ. ನಾನು ಒಂದು ಉಪಾಯ ಮಾಡಿದೆ. ಎರಡೂ ವಿಷಯಗಳ ಮೊದಲ ಪಾಠವನ್ನು ಅವಳಿಗೆ ತೆರೆದುಕೊಟ್ಟು, ಎರಡು ವಾರ ನೋಡು, ಪಾಠದ ಕೊನೆಯ ಪ್ರಶ್ನೆಗಳನ್ನು ಬಿಡಿಸು, ಆಮೇಲೆ ತೀರ್ಮಾನಿಸೋಣ ಎಂದೆ. ಫಲಿತಾಂಶ ನಾನು ಬಯಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಜೀವಶಾಸ್ತ್ರದ ಪ್ರಶ್ನೆಗಳು ಬಹುತೇಕ ಎಲ್ಲ ಸರಿ. ಗಣಿತದಲ್ಲಿ ಬಹುತೇಕ ಎಲ್ಲ ತಪ್ಪು.

ಮುಖ್ಯಸ್ಥರಿಗೆ ಅಷ್ಟು ಸಾಕಾಯಿತು, ಜೀವಶಾಸ್ತ್ರವನ್ನೇ ಹಾಕಿ ಎಂದರು. ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ನಮಗೆ ನೆರವು ಕೊಡುವವರು ಎಷ್ಟು ಜನ ಪಾಸಾದರು ಎಂದು ಕೇಳುತ್ತಾರೆ ಎಂಬುದು ಒಂದು. ಅದಕ್ಕಿಂತ ಅವರನ್ನು ಕಾಡುತ್ತಿದ್ದದ್ದು ಇನ್ನೊಂದು. "ಫೇಲಾದೋರು ಮತ್ತೆ ಈ ಮೆಟ್ಟಿಲು ಹತ್ತಲ್ಲ ಮೇಡಂ, ನಾನು ನೋಡಿದೀನಿ. ಆಸೆ ತೋರಿಸಿಬಿಟ್ಟು ನಾವೇ ಅವರ ಓದು ನಿಲ್ಲಿಸಿದ ಹಾಗಾಗುತ್ತೆ," ಎಂದರು.

ಎರಡು ದಿನ ಯೋಚಿಸಿದೆ. ಅವರು ಹೇಳಿದ್ದು ನಿಜವಾಗುವ ಸಾಧ್ಯತೆಯೇ ಹೆಚ್ಚಿತ್ತು. ಆದರೆ ಜೀವಶಾಸ್ತ್ರದಲ್ಲಿ ಪಾಸಾದರೆ ಅವಳು ತಲುಪುವುದು ತಾನು ಬೇಡವೆಂದ ಕೆಲಸಕ್ಕೆ. ಕೊನೆಗೆ ನನಗೆ ತೋಚಿದ್ದು ಇಷ್ಟೇ: ಯಾವುದನ್ನೂ ಮುಚ್ಚಿಡದೆ ಅವಳ ಮುಂದಿಟ್ಟು, ಅವಳು ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ಮರುದಿನ ಬೆಳಿಗ್ಗೆ ಅವಳನ್ನು ಕರೆಸಿ ಕೂರಿಸಿಕೊಂಡೆ. ಜೀವಶಾಸ್ತ್ರ ತೆಗೆದುಕೊಂಡರೆ ಪಾಸಾಗುವುದು ಹೆಚ್ಚುಕಡಿಮೆ ಖಚಿತ, ಗಣಿತ ತೆಗೆದುಕೊಂಡರೆ ಮೊದಲ ಸಲ ಫೇಲಾಗಬಹುದು, ಎರಡನೇ ಸಲವೂ ಆಗಬಹುದು ಎಂದೆ. ಪೀಣ್ಯದ ಮಾಲೀಕರು ಹೇಳಿದ್ದು ಭರವಸೆಯಲ್ಲ, ಜಾಗ ಇದ್ದರೆ ಎಂದಿದ್ದಾರೆ ಎಂದೂ ನೆನಪಿಸಿದೆ.

ಅವಳು, "ಫೇಲಾದ್ರ ಇನ್ನೊಮ್ಮಿ ಕುಂದ್ರಾಕ ಬಿಡ್ತಾರೇನ್ರಿ?" ಎಂದು ಕೇಳಿದಳು.

ಬಿಡುತ್ತಾರೆ, ನೋಂದಣಿ ಕೆಲವು ವರ್ಷ ಜಾರಿಯಲ್ಲಿರುತ್ತದೆ, ಪಾಸಾದ ವಿಷಯ ಪಾಸಾಗಿಯೇ ಇರುತ್ತದೆ, ಉಳಿದದ್ದನ್ನಷ್ಟೇ ಮತ್ತೆ ಬರೆಯಬಹುದು ಎಂದೆ.

"ಹಂಗಾದ್ರ ಗಣಿತಾನ ಹಾಕ್ರಿ."

ಹಾಕಿದೆ. ಮುಖ್ಯಸ್ಥರು ಬೇಸರ ಮಾಡಿಕೊಂಡರೂ ತಡೆಯಲಿಲ್ಲ. ಅವಳು ಬರುವುದು ನಿಲ್ಲಿಸಿದರೆ ಮನೆಗೆ ಹೋಗಿ ಕರೆತರುವುದು ನಿಮ್ಮ ಜವಾಬ್ದಾರಿ ಎಂದಷ್ಟೇ ಹೇಳಿದರು. ಒಪ್ಪಿಕೊಂಡೆ. ಅದೇ ವಾರ ಓನರಮ್ಮನನ್ನೂ ಹತ್ತನೇ ತರಗತಿಗೆ ನೋಂದಾಯಿಸಿದೆ. ವಿಜ್ಞಾನ ಬೇಡ, ಸುಲಭದ್ದು ತೆಗೆದುಕೊಳ್ಳಿ ಎಂದರೆ ಕೇಳಲಿಲ್ಲ. ಮಳೆಯ ವಿಷಯ ಅದರಲ್ಲೇ ತಾನೇ ಬರುವುದು ಎಂದರು.

ಮುಂದಿನ ತಿಂಗಳುಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಕರೆಂಟು ಹೋಗುತ್ತಿತ್ತು, ವಿಡಿಯೋ ನಿಂತು ನಿಂತು ಓಡುತ್ತಿತ್ತು. ಇಂಗ್ಲಿಷ್ ಪಾಠವನ್ನು ಅವಳು ಒಂದೊಂದೇ ವಾಕ್ಯ ನಿಲ್ಲಿಸಿ ಕೇಳುತ್ತಿದ್ದಳು. ಭೌತಶಾಸ್ತ್ರದ ಪ್ರಯೋಗಕ್ಕೆ ದೂರದ ಅಧ್ಯಯನ ಕೇಂದ್ರದ ಲ್ಯಾಬಿಗೆ ಹೋಗಿಬರಲು ಶಿಫ್ಟು ಬದಲಿಸಿಕೊಂಡಳು. ಗಣಿತಕ್ಕೆ ವಾರಕ್ಕೊಮ್ಮೆ ನಿವೃತ್ತ ಶಿಕ್ಷಕರೊಬ್ಬರು ಬರುವಂತೆ ಗೊತ್ತುಮಾಡಿದೆ. ಫಲಿತಾಂಶ ಬಂತು. ನಾಲ್ಕು ವಿಷಯ ಪಾಸು, ಗಣಿತ ಫೇಲು.

ಫೋನಿನಲ್ಲಿ ಹೇಳಿದಾಗ ಆಯ್ತ್ರಿ ಎಂದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಓನರಮ್ಮನೂ ಕಾಣಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಮುಖ್ಯಸ್ಥರು ನನ್ನ ಕಡೆ ಒಮ್ಮೆ ನೋಡಿದರು. ಮೂರನೇ ಭಾನುವಾರ ನಾನೇ ಹೊರಟೆ. ದಾರಿಯುದ್ದಕ್ಕೂ ಏನು ಹೇಳಿ ಕರೆತರಲಿ ಎಂದು ಮಾತು ಜೋಡಿಸುತ್ತಿದ್ದೆ.

ಸಾಲುಮನೆಯಲ್ಲಿ ಅವಳ ಕೋಣೆಗೆ ಬೀಗ. ಪಕ್ಕದ ಮನೆಯವರು ಮೇಲೆ ಕೈ ತೋರಿಸಿದರು. ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಪಕ್ಕದ ಸಣ್ಣ ಸಾಮಾನು ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಓನರಮ್ಮ ಮತ್ತು ಹುಡುಗಿ ಒಳಗಿದ್ದರು. ಹುಡುಗಿಯ ಕೈಯಲ್ಲಿ ಒಂದು ಲೆನ್ಸು. ಅಂಚು ಒಡೆದದ್ದೆಂದು ಪೀಣ್ಯದವರು ಕೊಟ್ಟಿದ್ದಂತೆ. ಸಣ್ಣ ಕಿಟಕಿಯ ಎದುರಿನ ಬಿಳಿ ಗೋಡೆಯ ಮೇಲೆ ಹೊರಗಿನ ತೆಂಗಿನಮರ, ಆಚೆಯ ಅಪಾರ್ಟ್‌ಮೆಂಟು, ಆಕಾಶ, ಎಲ್ಲ ಬಣ್ಣಸಹಿತ ತಲೆಕೆಳಗಾಗಿ ಮೂಡಿದ್ದವು. ಗರಿಗಳು ಅಲುಗುತ್ತಿದ್ದವು. ಓನರಮ್ಮ ಟೇಪು ಹಿಡಿದು ಗೋಡೆಗೂ ಲೆನ್ಸಿಗೂ ನಡುವಿನ ದೂರ ಅಳೆಯುತ್ತಿದ್ದರು.

"ಬಾಗ್ಲು ಆಕ್ಬುಡಿ ಮೇಡಂ, ಬೆಳಕು ಬತ್ತದೆ," ಎಂದರು ನನ್ನನ್ನು ನೋಡಿ.

ಬಾಗಿಲು ಹಾಕಿ ನಿಂತೆ. ಜೋಡಿಸಿಕೊಂಡು ಬಂದ ಮಾತು ಯಾವುದೂ ಬೇಕಾಗಲಿಲ್ಲ. ಫ್ಯಾಕ್ಟರಿಯಲ್ಲಿ ಆ ತಿಂಗಳು ಭಾನುವಾರವೂ ಓವರ್‌ಟೈಮ್ ಇತ್ತಂತೆ, ಅಂದು ಮೊದಲ ರಜೆ. ಫೋನು ನೀರಿಗೆ ಬಿದ್ದಿತ್ತು. ಓನರಮ್ಮ ಒಬ್ಬರೇ ಬರಲು ಸಂಕೋಚಪಟ್ಟು ಉಳಿದಿದ್ದರು. ಗಣಿತದ ವಿಚಾರ ಮೆಲ್ಲಗೆ ಎತ್ತಿದೆ. ಮುಂದಿನ ಪರೀಕ್ಷೆಗೆ ಸೈಬರ್ ಸೆಂಟರಿನಲ್ಲಿ ತಾನೇ ಅರ್ಜಿ ಹಾಕಿದ್ದಾಗಿ ಹೇಳಿದಳು. ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ, ಅದರಲ್ಲಿ ಕೇಳುವುದೇನಿತ್ತು ಎಂಬಂತೆ ನೋಡಿ, ಮತ್ತೆ ಲೆನ್ಸನ್ನು ಸರಿಸತೊಡಗಿದಳು.

ಎರಡನೇ ಸಲ ಗಣಿತ ಪಾಸಾಯಿತು. ದೊಡ್ಡ ಅಂಕವೇನಲ್ಲ. ಅದಾದ ಮೇಲೂ ಪೀಣ್ಯದಲ್ಲಿ ಜಾಗ ಖಾಲಿಯಾಗಲು ಹಲವು ತಿಂಗಳು ಕಾಯಬೇಕಾಯಿತು. ಕೊನೆಗೆ ತರಬೇತಿಗೆ ತೆಗೆದುಕೊಂಡರು. ಅವಳು ಅಲ್ಲೇ ಹತ್ತಿರದ ಒಂದು ಪಿ.ಜಿ.ಗೆ ಹೋದಳು. ಓನರಮ್ಮ ಹಿಂದಿ ಒಂದನ್ನು ಉಳಿಸಿಕೊಂಡು ಬಾಕಿ ಎಲ್ಲ ಪಾಸು ಮಾಡಿದರು. ನಮ್ಮ ಕೇಂದ್ರದಲ್ಲಿ ಕೆಲಸದ ಜಾಗ ನೋಡಿದ ಮೇಲೆಯೇ ವಿಷಯ ಆರಿಸುವುದು ರೂಢಿಯಾಯಿತು. ಎಲ್ಲರಿಗೂ ಇವಳ ಹಾಗೆ ಆಗಲಿಲ್ಲ. ನೋಡಿಬಂದು ತಮ್ಮ ಈಗಿನ ಕೆಲಸವೇ ವಾಸಿ ಎಂದವರೂ ಇದ್ದರು.

ಪೀಣ್ಯ ಸೇರಿದ ಮರುವರ್ಷ, ನಮ್ಮಲ್ಲಿ ಹೊಸಬರು ಸೇರುವ ದಿನ, ಅವಳು ಹೇಳದೆ ಕೇಳದೆ ಬಂದಳು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಎರಡು ಗಾಜಿನ ಬಿಲ್ಲೆ ತೆಗೆದಳು. ಒಂದು ಸಪಾಟು ಪರೀಕ್ಷಿಸಲು ಇಟ್ಟುಕೊಳ್ಳುವ ಮಾದರಿ, ಮಾಲೀಕರಿಂದ ಕೇಳಿ ತಂದದ್ದು. ಇನ್ನೊಂದು ಅವಳೇ ಉಜ್ಜಿದ್ದು, ಮೊದಲ ಬಾರಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು. ಎರಡನ್ನೂ ಒರೆಸಿ, ಒಂದರ ಮೇಲೊಂದು ಮೆಲ್ಲನೆ ಇಟ್ಟು ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. ಗಾಜಿನೊಳಗೆ ಬಣ್ಣದ ಗೆರೆಗಳು ಎದ್ದವು. ಎರಡೂ ಸಪಾಟಾಗಿದ್ದರೆ ಗೆರೆ ನೇರ ಬರುತ್ತವೆ, ಕೂದಲಿಗಿಂತ ಎಷ್ಟೋ ಪಾಲು ಕಡಿಮೆ ಉಬ್ಬಿದ್ದರೂ ಬಾಗುತ್ತವೆ ಎಂದಳು. ಅವಳ ಗೆರೆಗಳು ನೇರವಿದ್ದವು. ಬೆರಳಿನಿಂದ ಅಂಚು ಒತ್ತಿದಳು. ಗೆರೆಗಳು ಸರಿದವು. ಹೊಸ ಹುಡುಗಿಯರು ಕುರ್ಚಿ ಬಿಟ್ಟು ಸುತ್ತ ನೆರೆದರು. ತಮ್ಮ ಕೋಣೆಯಿಂದ ಮುಖ್ಯಸ್ಥರು ಬಂದು, ಎಲ್ಲರ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ನೋಡಿದರು.

"ಬಣ್ಣ ಎಲ್ಲಿಂದ ಬರುತ್ತಮ್ಮ ಅದು? ಗಾಜಿಗೆ ಬಣ್ಣ ಇಲ್ವಲ್ಲ," ಎಂದು ಕೇಳಿದರು.

ಕುಂದರ್ರಿ ಸರ್, ಹೇಳ್ತೀನಿ ಎಂದಳು. ಅವರು ಕುರ್ಚಿ ಎಳೆದುಕೊಂಡು ಕೂತರು. ಅಂದಿನ ನೋಂದಣಿ ಮಧ್ಯಾಹ್ನದ ಮೇಲೆ ಶುರುವಾಯಿತು.